ಒಂದು ಮಾರಾಟ ಚೀಟಿಗೆ ವ್ಯಾಖ್ಯಾನ

ಹಳೆಯ ರಾಜಕಾರಣಿಗಳ ಹಸ್ತಾಕ್ಷರ ಮಾರುವವರು ಬರೆಯುವ ವಿವರಗಳ ಧಾಟಿ ಹೆಚ್ಚುಕಡಿಮೆ ಒಂದೇ. ಆ ಧಾಟಿಯಲ್ಲಿ ನಾನೇ ಹೆಣೆದ ಮಾದರಿ ಚೀಟಿಯನ್ನು ಇಲ್ಲಿ ಸಾಲುಸಾಲಾಗಿ ಬಿಡಿಸಿದ್ದೇನೆ. ಚೀಟಿ ಕಲ್ಪಿತ, ಅದನ್ನು ಒರೆಗೆ ಹಚ್ಚುವ ಸಂಗತಿಗಳು ನಿಜ.

“ಎಸ್. ನಿಜಲಿಂಗಪ್ಪನವರ ಅಸಲಿ ಸಹಿ.”

ಮಂತ್ರಿಗಳ ಹೆಸರಿನ ಎಲ್ಲ ಸಹಿಯೂ ಮಂತ್ರಿಗಳ ಕೈಯದಲ್ಲ. ಆಪ್ತ ಕಾರ್ಯದರ್ಶಿ ಹಾಕಿದ್ದಿರಬಹುದು, ರಬ್ಬರ್ ಮೊಹರಿನದಿರಬಹುದು, ಅಚ್ಚಿನದಿರಬಹುದು. ಹೋಲಿಸಲು ಸಂಶಯವಿಲ್ಲದ ಮಾದರಿ ಬೇಕು. ನಿಜಲಿಂಗಪ್ಪ ಸಂವಿಧಾನ ಸಭೆಯ ಸದಸ್ಯರಾಗಿದ್ದವರು. 1950ರ ಜನವರಿ 24ರಂದು ಸದಸ್ಯರು ಸಹಿ ಹಾಕಿದ ಪುಟಗಳ ಪಡಿಯಚ್ಚನ್ನು ಇಂದು ಯಾರು ಬೇಕಾದರೂ ನೋಡಬಹುದು. ಆದರೆ ಚೀಟಿಯ ಕಾಗದ 1965ರದ್ದು, ಹದಿನೈದು ವರ್ಷದಲ್ಲಿ ಕೈ ಬದಲಾಗುತ್ತದೆ. ಅದೇ ಕಾಲದ ಇನ್ನೆರಡು ಸಹಿ ಸಿಗುವ ತನಕ ತೀರ್ಮಾನಕ್ಕೆ ಬರಬಾರದು.

“ಲೆಟರ್‌ಹೆಡ್: ಮುಖ್ಯಮಂತ್ರಿ, ಕರ್ನಾಟಕ ಸರ್ಕಾರ, ಬೆಂಗಳೂರು 560001. ದಿನಾಂಕ 12-3-1965.”

ಚೀಟಿ ಇಲ್ಲೇ ಮಗುಚಿ ಬೀಳುತ್ತದೆ. 1965ರಲ್ಲಿ ಮುಖ್ಯಮಂತ್ರಿ ನಿಜಲಿಂಗಪ್ಪನವರೇ, ಅದೇನೋ ಸರಿ. 1962ರಲ್ಲಿ ಮತ್ತೆ ಅಧಿಕಾರಕ್ಕೆ ಬಂದು 1968ರವರೆಗೆ ಇದ್ದರು. ಆದರೆ ಆಗ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮುಂಚೆ ‘ಬೆಂಗಳೂರು–1’, ರಾಜಾಜಿನಗರಕ್ಕಾದರೆ ‘ಬೆಂಗಳೂರು–10’ ಎಂದು ಬರೆಯುತ್ತಿದ್ದರು. ಖೋಟಾ ಮಾಡುವವನು ಸಹಿಯ ಬಳುಕನ್ನು ತಿದ್ದಿ ತಿದ್ದಿ ಕಲಿಯುತ್ತಾನೆ, ಕಾಗದದ ತಲೆಯ ಮೇಲಿನ ವಿಳಾಸವನ್ನು ಮರೆಯುತ್ತಾನೆ. ಅದಕ್ಕೇ ನಾನು ಸಹಿಯನ್ನು ಕೊನೆಗೆ ನೋಡುವುದು.

“ನೀಲಿ ಶಾಯಿ, ಕಾಗದ ಸುಸ್ಥಿತಿ.”

ಭೂತಗನ್ನಡಿ ಹಿಡಿಯಿರಿ. ಶಾಯಿ ಪೆನ್ನಿನ ಗೆರೆ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು. ಅಚ್ಚಿನ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣಬಹುದು. ಅತಿನೇರಳೆ ಟಾರ್ಚೂ ಉಪಯೋಗಕ್ಕೆ ಬರುತ್ತದೆ: ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ಸಾಮಾನ್ಯವಾದದ್ದು 1950ರ ಸುಮಾರಿನಿಂದ. ನಂದಿಬೆಟ್ಟದಲ್ಲಿ ಗಾಂಧೀಜಿ ವಿಶ್ರಾಂತಿಗಿದ್ದಾಗ, 1927ರಲ್ಲಿ, ಬರೆದದ್ದೆಂದು ಕೊಟ್ಟ ಹಾಳೆ ಆ ಬೆಳಕಿಗೆ ನೀಲಿಯಾಗಿ ಹೊಳೆದರೆ ಮಾತು ಮುಗಿಯಿತು. 1965ರ ಕಾಗದಕ್ಕೆ ಮಾತ್ರ ಈ ಪರೀಕ್ಷೆ ಏನನ್ನೂ ಹೇಳದು.

“ಅನ್ನಪೂರ್ಣೇಶ್ವರಿ ನಗರದ ಕುಟುಂಬವೊಂದರ ಸಂಗ್ರಹದಿಂದ.”

ಬೆಂಗಳೂರಿನ ನಾಗರಬಾವಿಗೆ ಅಂಟಿಕೊಂಡ ಈ ಬಡಾವಣೆ 1965ರಲ್ಲಿ ಇರಲೇ ಇಲ್ಲ. ಅಂದಮೇಲೆ ಕಾಗದವಿದ್ದ ಟ್ರಂಕು ಬೇರೆಲ್ಲಿಂದಲೋ ಬಂದಿದೆ. ಅದು ತಪ್ಪಲ್ಲ, ಇಲ್ಲಿನ ಎಷ್ಟೋ ಮನೆಗಳ ಕಥೆ ಅದೇ. ಕೇಳಬೇಕಾದದ್ದು: ಕಾಗದ ಬರೆದದ್ದು ಯಾರಿಗೆ? ಅವರಿಗೂ ಮುಖ್ಯಮಂತ್ರಿಗೂ ಏನು ಸಂಬಂಧ? ಲಕೋಟೆ ಎಲ್ಲಿ? ಹಾಳೆಯ ಮೇಲೆ ಕಡತದ ಸಂಖ್ಯೆ, ಗುಮಾಸ್ತರ ಷರಾ ಇದ್ದರೆ ಕೈ ಹಾಕಲೇಬೇಡಿ. ಅದು ಸರ್ಕಾರದ ಸ್ವತ್ತಾಗಿರಬಹುದು, ಹಾಗಿದ್ದರೆ ಇರಬೇಕಾದ ಜಾಗ ರಾಜ್ಯ ಪತ್ರಾಗಾರ.

“ಪ್ರಮಾಣಪತ್ರ ಸಹಿತ.”

ಮಾರುವವನೇ ಕೊಟ್ಟ ಪ್ರಮಾಣಪತ್ರ ಅವನ ಮಾತಿನ ಎರಡನೆಯ ಪ್ರತಿ, ಅಷ್ಟೆ. ಯಾರು ಪರೀಕ್ಷಿಸಿದರು, ಯಾವ ಮಾದರಿಗಳೊಂದಿಗೆ ಹೋಲಿಸಿದರು, ಯಾವುದರಿಂದ ನಿರ್ಧರಿಸಿದರು ಎಂಬುದು ಅದರಲ್ಲಿರಬೇಕು, ಜೊತೆಗೆ ಇದೇ ಹಾಳೆಯ ಚಿತ್ರವೂ.

“ಒಂದೇ ಬೆಲೆ, ವಾಪಸಾತಿ ಇಲ್ಲ.”

ಗಾಂಧೀಜಿ ಹರಿಜನ ನಿಧಿಗೆಂದು ಸಹಿಯೊಂದಕ್ಕೆ ಐದು ರೂಪಾಯಿ ವಸೂಲು ಮಾಡುತ್ತಿದ್ದರು. ಕೊಟ್ಟವರಿಗೆ ಕಣ್ಣೆದುರೇ ಸಹಿ ಸಿಗುತ್ತಿತ್ತು. ನಮಗೆ ಆ ಭಾಗ್ಯವಿಲ್ಲ. ಖೋಟಾ ಎಂದು ಸಾಬೀತಾದರೆ ಹಣ ಹಿಂದಿರುಗಿಸುವುದಾಗಿ ಬರೆದುಕೊಡದವರಿಂದ ಕೊಳ್ಳಬೇಡಿ. ವಿದೇಶದ ನೆಂಟರಿಗೆ ಕಳಿಸುವ ಯೋಚನೆಯಿದ್ದರೆ ಇನ್ನೊಂದು ಮಾತು: ಐತಿಹಾಸಿಕ ಮೌಲ್ಯವಿರುವ, 75 ವರ್ಷ ದಾಟಿದ ಹಸ್ತಪ್ರತಿಗಳು 1972ರ ಕಾಯ್ದೆಯಂತೆ ಪುರಾತನ ವಸ್ತುಗಳು, ಅವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ.

ಕೊಳ್ಳುವವರಿಗೆ ಹೇಳಿದ್ದಾಯಿತು. ನಿಮ್ಮ ಮನೆಯಲ್ಲೇ ಇಂಥ ಕಾಗದ ಇದ್ದರೆ, ಸಹಿಯನ್ನಷ್ಟೇ ಕತ್ತರಿಸಿ ಫ್ರೇಮು ಹಾಕಿಸಬೇಡಿ. ಅಂಚೆ ಮೊಹರಿರುವ ಲಕೋಟೆಯ ಸಮೇತ ಇಡೀ ಹಾಳೆಯನ್ನು ಇಟ್ಟುಕೊಳ್ಳಿ.