ಗಡಿಯಾರ ಉಳಿಯಿತು, ಗೋದಲಿ ಹೋಯಿತು

ಇಂಗ್ಲೆಂಡಿನ ಹಳ್ಳಿಗಾಡಿನ ಶ್ರೀಮಂತರ ಮಹಲುಗಳ ಬಗ್ಗೆ ಬರೆಯುವವರು ಕುದುರೆ ಲಾಯದ ವಿಷಯಕ್ಕೆ ಬಂದಾಗ ಎರಡು ಮಾತು ಹೇಳಿ ಮುಂದೆ ಸಾಗುತ್ತಾರೆ. ಒಂದು, ಅಷ್ಟು ದೊಡ್ಡ ಲಾಯ ಯಜಮಾನನ ಒಣಜಂಬ. ಇನ್ನೊಂದು, ಕುದುರೆಯ ಕಾಲ ಮುಗಿದ ಮೇಲೆ ಅದು ಚಹಾದಂಗಡಿಯಾಗಿಯೋ ಉಡುಗೊರೆ ಅಂಗಡಿಯಾಗಿಯೋ ಉಳಿದುಕೊಂಡದ್ದು ಸಂರಕ್ಷಣೆಯ ದೊಡ್ಡ ಗೆಲುವು. ಮೊದಲನೆಯದು ಅರ್ಧಸತ್ಯ. ನನ್ನ ತಕರಾರು ಹೆಚ್ಚಾಗಿ ಎರಡನೆಯದರ ಮೇಲೆ.

ಜಂಬ ಇರಲಿಲ್ಲವೆಂದು ನಾನೇನೂ ವಾದಿಸುವುದಿಲ್ಲ. ಹದಿನೆಂಟನೇ ಶತಮಾನದ ನಡುವೆ ಜೇಮ್ಸ್ ಪೇಯ್ನ್ ಚಾಟ್ಸ್‌ವರ್ತ್‌ನಲ್ಲಿ 80 ಕುದುರೆಗಳಿಗೆಂದು ಕಟ್ಟಿದ ಲಾಯ ಗುಡ್ಡದ ಇಳಿಜಾರಿನಲ್ಲಿ, ಕಂಬ ಕಮಾನುಗಳ ಸಮೇತ, ತಾನೇ ಒಂದು ಅರಮನೆ ಎಂಬಂತೆ ನಿಂತಿದೆ. ವೆಂಟ್‌ವರ್ತ್ ವುಡ್‌ಹೌಸ್‌ನಲ್ಲಿ ಜಾನ್ ಕಾರ್ ಅದನ್ನೂ ಮೀರಿಸಿ 84 ಕುದುರೆಗಳಿಗೆ ಜಾಗ ಮಾಡಿದ. ಆದರೆ ಜಂಬ ಎಂಬ ಒಂದೇ ಪದದಿಂದ ಮುಂಬಾಗಿಲನ್ನು ವಿವರಿಸಬಹುದು, ಒಳಗಿರುವುದನ್ನಲ್ಲ. ಲಾಯದ ಕಿಟಕಿಗಳು ಯಾಕೆ ಅಷ್ಟು ಮೇಲಿವೆ? ಬಿಸಿಲು ನೇರವಾಗಿ ಕುದುರೆಯ ಕಣ್ಣಿಗೆ ಹೊಡೆಯಬಾರದು, ಚಳಿಗಾಳಿ ಬೆವರಿದ ಮೈಗೆ ತಾಕಬಾರದು, ಬಿಸಿಯೇರಿದ ಕೆಟ್ಟ ಗಾಳಿ ಮಾತ್ರ ಹೊರಹೋಗಬೇಕು. ನೆಲ ಯಾಕೆ ಸಮತಟ್ಟಾಗಿಲ್ಲ? ಗಂಜಲ ನಿಲ್ಲದೆ ಹರಿದುಹೋಗಲೆಂದು. ನಿಂತರೆ ಅದರ ಘಾಟು ಕುದುರೆಯ ಪುಪ್ಪುಸಕ್ಕೆ ಕೇಡು, ಒದ್ದೆಯಲ್ಲಿ ನಿಂತ ಗೊರಸೂ ಕೊಳೆಯುತ್ತದೆ. ವಿಕ್ಟೋರಿಯಾ ಕಾಲಕ್ಕೆ ಬರುವಷ್ಟರಲ್ಲಿ ಇದಕ್ಕೆಂದೇ ಗೀರು ಹೊಡೆದ ಗಟ್ಟಿ ಇಟ್ಟಿಗೆಗಳು ಬಂದವು, ಎರಕದ ಕಬ್ಬಿಣದ ಗೋದಲಿ ಮತ್ತು ಅಡ್ಡಗೋಡೆಗಳನ್ನು ಬೆಲ್‌ಫಾಸ್ಟಿನ ಮಸ್‌ಗ್ರೇವ್‌ನಂಥ ಕಂಪನಿಗಳು ಮಾರತೊಡಗಿದವು. ಅಡ್ಡಗೋಡೆಯನ್ನು ನೋಡಿ: ತಲೆಯ ಕಡೆ ಎತ್ತರ, ಬಾಲದ ಕಡೆ ಬಳುಕಿ ಇಳಿಯುತ್ತದೆ. ಪಕ್ಕದ ಕುದುರೆಯ ಮೂತಿಗೆ ಮೂತಿ ತಾಗಿ ಕಚ್ಚಾಡಬಾರದು, ಹಿಂದೆ ನಿಂತ ಕಾಸ್ತಾರನಿಗೆ ಮಾತ್ರ ಇಡೀ ಸಾಲು ಒಂದೇ ನೋಟಕ್ಕೆ ಸಿಗಬೇಕು. ಮೇಲೆ ಅಟ್ಟದಲ್ಲಿ ಹುಲ್ಲು. ಎಷ್ಟೋ ಕಡೆ ಕಾಸ್ತಾರ ಹುಡುಗರು ಮಲಗುತ್ತಿದ್ದುದೂ ಮೇಲೆಯೇ. ಕೆಳಗಿನ ಕುದುರೆಗಳ ಮೈಶಾಖವೇ ಅವರಿಗೆ ಅಗ್ಗಿಷ್ಟಿಕೆ.

ಒಳಗಿನ ಈ ಲೆಕ್ಕಾಚಾರಕ್ಕೆ ಅತ್ಯುತ್ತಮ ಸಾಕ್ಷಿ ನಾರ್ತಂಬರ್‌ಲ್ಯಾಂಡಿನ ಸೀಟನ್ ಡೆಲವಲ್. ವ್ಯಾನ್‌ಬ್ರೂ ವಿನ್ಯಾಸ ಮಾಡಿದ ಈ ಮಹಲಿನ ನಡುಭಾಗ 1822ರಲ್ಲಿ ಸುಟ್ಟು ಬರೀ ಗೋಡೆಗಳ ಚಿಪ್ಪಾಯಿತು. ರೆಕ್ಕೆಯೊಂದರಲ್ಲಿದ್ದ ಲಾಯ ಉಳಿಯಿತು. ಒಳಗೆ ಹೋದರೆ ಕಲ್ಲಿನ ಕಮಾನುಗಳ ಕೆಳಗೆ ಒಂದೊಂದು ಕುದುರೆಗೂ ಅದರದೇ ಜಾಗ, ಮೇಲ್ಗಡೆ ಅದರದೇ ಹೆಸರು. ಯಜಮಾನನ ಊಟದ ಕೋಣೆಗೆ ಕೊಟ್ಟಷ್ಟೇ ಗಾಂಭೀರ್ಯವನ್ನು ಇಲ್ಲಿ ಮೇವಿಗೂ ಕೊಟ್ಟಿದ್ದಾರೆ. ಲಾಯದ ವಾಸ್ತುವನ್ನು ಅದರ ಸೆಕ್ಷನ್‌ನಲ್ಲಿ, ಅಂದರೆ ಅಟ್ಟದಿಂದ ತೂಬಿನವರೆಗೆ ಸೀಳಿದ ನೋಟದಲ್ಲಿ ಓದಬೇಕು. ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಸಿಗುವುದಿಲ್ಲ. ಜೈಲ್ಸ್ ವರ್ಸ್ಲಿ 2004ರಲ್ಲಿ ಬ್ರಿಟನ್ನಿನ ಲಾಯಗಳ ಮೇಲೆಯೇ ಒಂದು ದೊಡ್ಡ ಪುಸ್ತಕ ಬರೆದ ಮೇಲೆ ಲಾಯವನ್ನು ಸೇವಕರ ಕಡೆಯ ಕಟ್ಟಡವೆಂದು ಬದಿಗೊತ್ತುವುದಕ್ಕೆ ಯಾರಿಗೂ ನೆಪವಿಲ್ಲ.

ಇಂಥ ಒಳಭಾಗವನ್ನು ಕಾನೂನು ಕಾಪಾಡುತ್ತದಲ್ಲ ಎನ್ನುವವರಿದ್ದಾರೆ. ಕಾಗದದ ಮೇಲೆ ಸರಿ. ಇಂಗ್ಲೆಂಡಿನಲ್ಲಿ ಕಟ್ಟಡವೊಂದು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತೆಂದರೆ ಅದರ ಹೊರಗೂ ಒಳಗೂ ರಕ್ಷಣೆಯುಂಟು. 1990ರ ಕಾಯ್ದೆಯ ಪ್ರಕಾರ, ಪಟ್ಟಿಯಲ್ಲಿರುವ ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕೆ ಮೊದಲಿನಿಂದ ಇರುವ ಲಾಯಕ್ಕೂ ಅದೇ ರಕ್ಷಣೆ. ಆದರೆ ಆವರಣ ಎಲ್ಲಿಗೆ ಮುಗಿಯುತ್ತದೆ ಎಂಬುದೇ ಕೋರ್ಟಿಗೆ ಹೋಗುವ ಪ್ರಶ್ನೆ. ಇನ್ನು ಪಟ್ಟಿಯ ಹಳೆಯ ನಮೂದುಗಳನ್ನು ತೆರೆದು ನೋಡಿ. ಕಿಟಕಿಯ ಚೌಕಟ್ಟು, ಗಡಿಯಾರದ ಗೋಪುರ, ಗಾಳಿಕೋಳಿ ಎಲ್ಲದರ ಪಟ್ಟಿ ಕೊಟ್ಟು ಕೊನೆಗೆ ಒಳಭಾಗವನ್ನು ಪರಿಶೀಲಿಸಿಲ್ಲ ಎಂದು ಬರೆದ ನಮೂದುಗಳು ಬೇಕಾದಷ್ಟಿವೆ. ಹಾಗೆ ಬರೆದ ಮಾತ್ರಕ್ಕೆ ರಕ್ಷಣೆ ತಪ್ಪುವುದಿಲ್ಲ, ನಿಜ. ಆದರೆ ಅರ್ಜಿ ಹಿಡಿದು ಬಂದವನು ಒಳಗೆ ಅಂಥದ್ದೇನೂ ಇಲ್ಲ ಎಂದಾಗ ಎದುರಾಡಲು ಅಧಿಕಾರಿಯ ಕೈಯಲ್ಲಿ ಏನಿರುತ್ತದೆ?

ಎದುರು ಪಕ್ಷದ ವಾದ ಬಲವಾದದ್ದೇ. ಕ್ಲಂಬರ್‌ನ ಮಹಲನ್ನು 1938ರಲ್ಲಿ ಕೆಡವಿದರು. ಲಾಯ ಉಳಿದು ಇಂದು ಪಾರ್ಕಿಗೆ ಬರುವವರಿಗೆ ಕೆಫೆಯಾಗಿದೆ. ಈಟನ್ ಹಾಲ್‌ನಲ್ಲೂ 1960ರ ದಶಕದಲ್ಲಿ ಮನೆ ಹೋಗಿ ಚರ್ಚು, ಲಾಯ ನಿಂತವು. 1975ರಲ್ಲಿ ಮಾರ್ಕಸ್ ಬಿನ್ನಿ ಮತ್ತು ಜೊತೆಗಾರರು ಹುಟ್ಟುಹಾಕಿದ ಸೇವ್ ಸಂಸ್ಥೆ, ಹೊಸ ಉಪಯೋಗ ಹುಡುಕಿದರೆ ಮಾತ್ರ ಹಳೆಯ ಕಟ್ಟಡ ಉಳಿಯುತ್ತದೆ ಎಂದು ಹಟ ಹಿಡಿಯದಿದ್ದರೆ ಇಂದು ಜಗಳವಾಡಲು ನನಗೆ ಇಷ್ಟು ಕಟ್ಟಡಗಳೇ ಇರುತ್ತಿರಲಿಲ್ಲ. ಆ ಋಣ ದೊಡ್ಡದು.

ಆದರೆ ‘ಹೊಸ ಉಪಯೋಗ ಬೇಕು’ ಎಂಬುದು ಬರಬರುತ್ತಾ ‘ಯಾವ ಉಪಯೋಗವಾದರೂ ಸರಿ’ ಎಂದಾಗಿಬಿಟ್ಟಿದೆ. ಹೋಟೆಲಿನ ಅಡುಗೆಮನೆ ಲಾಯಕ್ಕೆ ಬಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಹೊಗೆ ಹೋಗಲು ಕೊಳವೆ, ಶೌಚಾಲಯದ ಸಾಲು, ಬೆಂಕಿ ತಡೆಯುವ ಬಾಗಿಲು, ಗೋಡೆಗೆ ಶಾಖನಿರೋಧಕ, ಇಳಿಜಾರು ನೆಲದ ಮೇಲೆ ಕಾಂಕ್ರೀಟು. ಅಡ್ಡಗೋಡೆಗಳು ಮೇಜಿಗೆ ಅಡ್ಡ ಬರುತ್ತವೆಂದು ಮೊದಲು ಹೋಗುವುದೇ ಅವು. ಉಳಿದ ಒಂದು ಗೋದಲಿಯಲ್ಲಿ ಜೆರೇನಿಯಂ ನೆಟ್ಟು ಬಾಗಿಲಲ್ಲಿ ಇಡುತ್ತಾರೆ (ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ). ಗಾಲಿಕುರ್ಚಿ ಓಡಾಡಬೇಕಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಹಳೆಯ ನೆಲದ ಮೇಲೆ ಬೇಕೆಂದಾಗ ತೆಗೆಯಬಹುದಾದ ಹಲಗೆನೆಲ ಸಾಕು. ಕಚೇರಿ, ಕಮ್ಮಟ, ಪುಸ್ತಕದಂಗಡಿ, ದಾಸ್ತಾನು ಕೋಣೆ ಇವೆಲ್ಲ ಅಡ್ಡಗೋಡೆಗಳ ನಡುವೆಯೇ ಸಂಸಾರ ಹೂಡಬಲ್ಲವು.

ಫ್ರಾನ್ಸಿನ ಶಾಂಟಿಯಿಯನ್ನು ಉದಾಹರಣೆ ಕೊಟ್ಟರೆ ಅನ್ಯಾಯದ ಹೋಲಿಕೆ ಎನ್ನುತ್ತಾರೆ. ಝಾನ್ ಓಬೆರ್ ವಿನ್ಯಾಸ ಮಾಡಿದ 186 ಮೀಟರ್ ಉದ್ದದ ಆ ಲಾಯದಲ್ಲಿ ಈಗಲೂ ಕುದುರೆಗಳಿವೆ, ಪ್ರದರ್ಶನ ನಡೆಯುತ್ತದೆ, ಪಕ್ಕದಲ್ಲೇ ರೇಸ್‌ಕೋರ್ಸ್ ಇದೆ. ಎಲ್ಲ ಕಡೆ ಅದು ಆಗದು, ಒಪ್ಪಿದೆ. ಎಲ್ಲ ಲಾಯಕ್ಕೂ ಕುದುರೆ ಮರಳಲಿ ಎಂಬುದು ನನ್ನ ಬೇಡಿಕೆಯೇ ಅಲ್ಲ. ಒಳಗೆ ಏನಿದೆ ಎಂದು ಮೊದಲು ನೋಡಿ, ಅದನ್ನು ಕೀಳದ ಉಪಯೋಗವನ್ನು ಆಮೇಲೆ ಹುಡುಕಿ ಎನ್ನುತ್ತೇನೆ. ಈಗ ನಡೆಯುತ್ತಿರುವುದು ಉಲ್ಟಾ.

1990ರ ಆ ಕಾಯ್ದೆಗೆ 2013ರಲ್ಲಿ ಆದ ತಿದ್ದುಪಡಿಯಿಂದ ಇದು ತುರ್ತಿನ ವಿಷಯವೂ ಆಗಿದೆ. ಕಟ್ಟಡದ ಇಂಥ ಭಾಗಕ್ಕೆ ವಿಶೇಷ ಮಹತ್ವವಿಲ್ಲ ಎಂದು ಪಟ್ಟಿಯ ನಮೂದಿನಲ್ಲೇ ಬರೆದು ಕೈಬಿಡಲು ಈಗ ಅವಕಾಶವಿದೆ. ಅಟ್ಟ ಹತ್ತಿ, ನೆಲದ ಧೂಳು ಗುಡಿಸಿ, ತೂಬು ಎತ್ತ ಹರಿಯುತ್ತದೆಂದು ನೋಡಿದವರು ಹಾಗೆ ಬರೆದರೆ ನಾನು ಒಪ್ಪುತ್ತೇನೆ. ಅಂಗಳದಲ್ಲೇ ನಿಂತು, ಗಡಿಯಾರ ನೋಡಿ ಹೋದವರು ಬರೆದರೆ ಒಪ್ಪುವುದಿಲ್ಲ.