ನಾಲಗೆಯೂ ಉಗುರೇ

ಮುಂಗಾರು ಹಿಡಿದ ಹೊಸತರಲ್ಲಿ ನಮ್ಮ ಬೀದಿಯ ಕೊನೆಯ ಮನೆಯಾಕೆ ತಮ್ಮ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದರು. ಹೆಸರು ಸಿಂಗಾರಿ, ಮೂರು ವರ್ಷದ ಹೆಣ್ಣು. ಬೆನ್ನ ಮೇಲೆ ಕಪ್ಪು ಮಚ್ಚೆ ಮಿರಮಿರ ಮಿಂಚುತ್ತಿತ್ತು. ಮಗುಚಿ ಹಿಡಿದರೆ ಮಾತ್ರ ಹೊಟ್ಟೆಯಿಂದ ತೊಡೆಸಂದಿಯವರೆಗೆ ಬೋಳು. ಗಾಯವಿಲ್ಲ, ಹಕ್ಕಳೆಯಿಲ್ಲ.

"ಅಕ್ಕಾ, ಇದು ಒಂದು ದಿನವಾದ್ರೂ ಕೆರ್ಕೊಂಡದ್ದು ನಾವು ನೋಡಿಲ್ಲ. ಮಗಳು ಹಾಸ್ಟೆಲ್‌ಗೆ ಹೋದ್ಮೇಲೆ ಶುರುವಾಯ್ತು. ಅವಳದ್ದೇ ಕೊರಗು ಇರ್ಬೇಕು" ಎಂದರು.

ಬೋಳಾದ ಜಾಗದಲ್ಲಿ ಬೆರಳನ್ನು ಕೂದಲಿಗೆ ಎದುರಾಗಿ ಸವರಿದೆ. ಎರಡು ದಿನದ ಗಡ್ಡದ ಹಾಗೆ ಚುಚ್ಚಿತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಕೂದಲು ಬುಡದಿಂದ ಉದುರಿರಲಿಲ್ಲ, ಮೇಲಿಂದ ತುಂಡಾಗಿತ್ತು. ತುಂಡು ಮಾಡಿದ್ದು ಸಿಂಗಾರಿಯ ನಾಲಗೆ.

ಬೆಕ್ಕಿನ ನಾಲಗೆ ಸಾಮಾನ್ಯದ್ದಲ್ಲ. ಅದರ ಮೇಲೆ ಸುಮಾರು 290 ಮುಳ್ಳುಗಳಿವೆ. ಪ್ರತಿ ಮುಳ್ಳಿನ ತುದಿಯೂ ಪುಟ್ಟ ಸೌಟಿನಂತೆ ಟೊಳ್ಳಾಗಿದ್ದು, ಎಂಜಲನ್ನು ತುಂಬಿಕೊಂಡು ತುಪ್ಪಳದ ಬುಡಕ್ಕೆ ಮುಟ್ಟಿಸುತ್ತದೆ. ಇದನ್ನು 2018ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯಲ್ ಮತ್ತು ಡೇವಿಡ್ ಹು. ಎಚ್ಚರವಾಗಿರುವ ಹೊತ್ತಿನ ಕಾಲುಭಾಗದಷ್ಟನ್ನು ಬೆಕ್ಕು ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ಹೀಗಿರುವಾಗ ಅದು ದಿನಕ್ಕೆ ಇನ್ನೊಂದಿಷ್ಟು ಹೆಚ್ಚು ನೆಕ್ಕಿಕೊಂಡರೆ ನಮಗೆ ಗೊತ್ತಾಗುವುದಾದರೂ ಹೇಗೆ? ನಾಯಿ ನಡುಮನೆಯಲ್ಲೇ ಕೂತು ಪರಪರ ಕೆರೆದುಕೊಳ್ಳುತ್ತದೆ. ಬೆಕ್ಕು ಅಟ್ಟದ ಮೇಲೋ ಮಂಚದ ಕೆಳಗೋ ಸೇರಿಕೊಂಡು ನೆಕ್ಕುತ್ತದೆ. ನಾವು ಎಷ್ಟು ಶುಚಿ ಇದು ಎಂದು ಮೆಚ್ಚಿಕೊಳ್ಳುತ್ತೇವೆ. ಅದಕ್ಕೆ ನವೆ.

ಕೊರಗಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನೆ ಬದಲಾದರೆ, ಜೊತೆಯ ಬೆಕ್ಕು ಸತ್ತರೆ ಕೂದಲು ಕಿತ್ತುಕೊಳ್ಳುವ ಬೆಕ್ಕುಗಳಿವೆ. ಆದರೆ 2006ರಲ್ಲಿ ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ನಾನು ಮರೆಯಲಾರೆ. ಮನಸ್ಸಿನದೇ ಕಾಯಿಲೆ ಎಂದು ಗುಮಾನಿಯಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. 16ಕ್ಕೆ ಸಿಕ್ಕಿದ್ದು ದೇಹದ ಕಾರಣ. ಬರೀ ಮನಸ್ಸಿನ ಕಾರಣ ಉಳಿದದ್ದು ಎರಡಕ್ಕೆ, ಇನ್ನು ಮೂರಕ್ಕೆ ಎರಡೂ ಇದ್ದವು. ಹಾಗಾಗಿ ಕೊರಗು ಎಂಬುದು ಮಿಕ್ಕೆಲ್ಲ ಹುಡುಕಿ ಮುಗಿದ ಮೇಲೆ ಆಡಬೇಕಾದ ಮಾತು.

ಅಮ್ಮನ ಕಾಲದ ಮರದ ಸೀರಣಿಗೆ ನನ್ನ ಬಳಿ ಇದೆ. ಬೆಕ್ಕಿನ ಕೆಲಸಕ್ಕೇ ಎತ್ತಿಟ್ಟಿದ್ದೇನೆ. ಸಿಂಗಾರಿಯ ಬಾಲದ ಬುಡದಲ್ಲಿ ನಾಲ್ಕು ಸಲ ಬಾಚಿ, ಬಂದ ಹೊಟ್ಟನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಕೊಡವಿದೆ. ರವೆಗಿಂತ ಸಣ್ಣ ಕಪ್ಪು ಕಾಳು ಐದಾರು ಬಿದ್ದವು. ಮಣ್ಣಾಗಿದ್ದರೆ ಕಪ್ಪಗೇ ಉಳಿಯುತ್ತಿತ್ತು. ಇವುಗಳ ಸುತ್ತ ನಿಮಿಷದೊಳಗೆ ಕುಂಕುಮ ನೀರಿಗೆ ಬಿದ್ದ ಹಾಗೆ ಕೆಂಪು ಹರಡಿತು. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಚಿಗಟ ಮಾತ್ರ ಒಂದೂ ಕಾಣಲಿಲ್ಲ. ಅದನ್ನು ಬೆಕ್ಕೇ ನೆಕ್ಕಿ ನುಂಗಿರುತ್ತದೆ. ಚಿಗಟದ ಎಂಜಲಿಗೆ ಅಲರ್ಜಿಯಿರುವ ಬೆಕ್ಕಿಗೆ ಒಂದೆರಡು ಕಡಿತ ಸಾಕು, ಮೈಯೆಲ್ಲ ನವೆ.

ಔಷಧಿ ಹಾಕಿದರೂ ಮತ್ತೆ ಬಂತು ಎಂದು ಬೇಸರಪಡುವವರು ಬೆಕ್ಕಿನ ಮೈಯನ್ನಷ್ಟೇ ನೋಡಿರುತ್ತಾರೆ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಅವು ಮೈಮೇಲೆ ನಿಲ್ಲುವುದಿಲ್ಲ, ಚಾಪೆ, ದಿಂಬು, ನೆಲದ ಸಂದಿಗೆ ಉದುರುತ್ತವೆ. ಗೂಡು ಕಟ್ಟಿದ ಮರಿ ತಿಂಗಳುಗಟ್ಟಲೆ ಕಾಯಬಲ್ಲದು. ಅದಕ್ಕೇ ಫಿಪ್ರೋನಿಲ್, ಸೆಲಾಮೆಕ್ಟಿನ್‌ನಂಥ ಹನಿಯನ್ನು ತಿಂಗಳಿಗೊಮ್ಮೆ, ಕಡಿಮೆಯೆಂದರೂ ಮೂರು ತಿಂಗಳು, ಡಾಕ್ಟರು ಹೇಳಿದ ಅಳತೆಯಲ್ಲಿ ಹಾಕಬೇಕು. ಮನೆಯಲ್ಲಿರುವ ಎಲ್ಲ ಬೆಕ್ಕಿಗೂ ನಾಯಿಗೂ ಅವುಗಳದ್ದೇ ಔಷಧಿ ಒಟ್ಟಿಗೇ ಆಗಬೇಕು. ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಇಲ್ಲಿ ನನ್ನಿಂದಾದ ತಪ್ಪೊಂದನ್ನು ಹೇಳಲೇಬೇಕು. ಮೊದಲ ಬೆಕ್ಕು ಬೆಳ್ಳಿಗೆ ಕಜ್ಜಿಯಾದಾಗ ನಾನು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚಿದೆ. ನಮಗೆಲ್ಲ ಚಿಕ್ಕಂದಿನಲ್ಲಿ ಹಚ್ಚುತ್ತಿದ್ದುದೇ ಅಲ್ಲವೇ ಅಂದುಕೊಂಡೆ. ಸಂಜೆಗೆ ಅದರ ಬಾಯಲ್ಲಿ ಜೊಲ್ಲು, ಕಾಲಲ್ಲಿ ನಡುಕ. ಎರಡು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆ. ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ ಹೋಗುತ್ತದೆ. ನಮ್ಮ ಯಕೃತ್ತು ಸುಲಭವಾಗಿ ಕರಗಿಸಿ ಹೊರಹಾಕುವ ಎಷ್ಟೋ ವಿಷವನ್ನು ಬೆಕ್ಕಿನ ಯಕೃತ್ತು ಹಾಗೆ ಹೊರಹಾಕಲಾರದು. ಫಿನಾಯಿಲ್, ಸೀಮೆಎಣ್ಣೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಎಲ್ಲಕ್ಕಿಂತ ಅಪಾಯ ಪರ್ಮೆಥ್ರಿನ್ ಇರುವ ನಾಯಿಯ ಹನಿ. ನಾಯಿಗೆ ಹಾಕಿ ಉಳಿದದ್ದನ್ನು ಬೆಕ್ಕಿಗೆ ಹಾಕಿದರೆ ಸೆಟೆದು ಸಾಯಬಹುದು. ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನು ದಯವಿಟ್ಟು ಓದಿ.

ಎಲ್ಲ ನವೆಯೂ ಚಿಗಟದ್ದಲ್ಲ. ಕಿವಿಯಂಚಿನಿಂದ ಹಣೆಗೆ ಇಳಿಯುವ ದಪ್ಪ ಹಕ್ಕಳೆ ಕಜ್ಜಿಯ ನುಸಿಯದು. ಕಿವಿಯೊಳಗೆ ಕಾಫಿ ಗಷ್ಟಿನಂಥ ಕೊಳೆಯಿದ್ದರೆ ಅದು ಬೇರೆ ಜಾತಿಯ ನುಸಿ. ಮರಿಯ ಮೈಮೇಲಿನ ದುಂಡನೆಯ ಬೋಳು ಹುಳುಕಡ್ಡಿಯಾಗಿರಬಹುದು. ಅದು ಶಿಲೀಂಧ್ರ, ಎತ್ತಿಕೊಂಡ ಮಕ್ಕಳಿಗೂ ಅಂಟುತ್ತದೆ, ವಾರಗಟ್ಟಲೆ ಔಷಧಿ ಬೇಕು. ಊಟದ ಅಲರ್ಜಿಯಾದರೆ ಡಾಕ್ಟರು ಹೇಳಿದ ಒಂದೇ ಆಹಾರವನ್ನು ಎಂಟು ವಾರ ಕೊಟ್ಟು ನೋಡಬೇಕು, ನಡುವೆ ಅಜ್ಜಿ ಮರುಕಪಟ್ಟು ಮೀನಿನ ಚೂರು ಹಾಕಿದರೆ ಎಣಿಕೆ ಮತ್ತೆ ಒಂದರಿಂದ. ಹೊಟ್ಟೆಯ ಕೆಳಭಾಗವನ್ನೇ ನೆಕ್ಕುತ್ತಾ ಉಚ್ಚೆಗೆ ತಿಣುಕುತ್ತಿದ್ದರೆ ನೋವು ಮೂತ್ರಕೋಶದ್ದು. ಗಂಡುಬೆಕ್ಕಿಗೆ ಉಚ್ಚೆ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಆ ರಾತ್ರಿಯೇ ಓಡಬೇಕು. ಕಣ್ಣು ಕಿವಿಗಳ ನಡುವೆ ಕೂದಲು ತೆಳ್ಳಗಿದ್ದರೆ ಮಾತ್ರ ಹೆದರಬೇಡಿ, ಅದು ಬೆಕ್ಕಿನ ಹುಟ್ಟುಗುಣ.

ಸ್ಟೀರಾಯ್ಡ್ ಇಂಜೆಕ್ಷನ್ ಒಂದು ಕೊಡಿಸಿಬಿಡಿ ಎನ್ನುವವರಿದ್ದಾರೆ. ನವೆ ಎರಡೇ ದಿನಕ್ಕೆ ನಿಲ್ಲುತ್ತದೆ ನಿಜ. ಕಾರಣ ಅಲ್ಲೇ ಉಳಿಯುತ್ತದೆ, ಪದೇ ಪದೇ ಕೊಡಿಸಿದರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು. ಡಾಕ್ಟರು ಅಳೆದು ಕೊಟ್ಟರೆ ಅದು ಒಳ್ಳೆಯ ಔಷಧಿ. ನಾವೇ ಹಟ ಹಿಡಿದು ಕೇಳಬಾರದು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅವರ ಮನೆಗೆ ಹೋಗಿದ್ದೆ. ಸಿಂಗಾರಿ ಕಿಟಕಿಯ ಬಿಸಿಲಲ್ಲಿ ಅಂಗಾತ ಮಲಗಿತ್ತು. ಹೊಟ್ಟೆಯ ಮೇಲೆ ಎಳೆಗೂದಲು ಬಂದಿತ್ತು, ಒಳಗಿನ ಗುಲಾಬಿ ಚರ್ಮ ಕಂಡೂ ಕಾಣದಷ್ಟು. ಕ್ಯಾಲೆಂಡರಿನಲ್ಲಿ ಮೂರನೆಯ ಹನಿಗೆ ಗುರುತು ಹಾಕಿದ್ದು ಮಾರನೆಯ ದಿನಕ್ಕೆ. "ಹೇಗೂ ಬಂದಿದ್ದೀರಿ, ಇವತ್ತೇ ಹಾಕಿಬಿಡೋಣ, ಹಿಡ್ಕೊಳ್ಳಿ ಅಕ್ಕಾ" ಎಂದರು. ನಾನು ಮುಂಗಾಲು ಹಿಡಿದೆ. ಅವರು ನಾಲಗೆ ಎಟುಕದ ಕತ್ತಿನ ಹಿಂದೆ, ಮಗಳಿಗೆ ಬೈತಲೆ ತೆಗೆಯುವಂತೆ ಕೂದಲು ಬಿಡಿಸಿ, ಚರ್ಮ ಕಂಡಲ್ಲಿ ಹನಿ ಬಿಟ್ಟರು.