ವೃಷಭಾವತಿಯ ಮೂಲ: ಒಂದು ವಿಮರ್ಶೆ

ವೃಷಭಾವತಿಯು ಬಸವನಗುಡಿಯ ದೊಡ್ಡಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಸ್ಥಳಪುರಾಣವು ಹೇಳುತ್ತದೆ. ಮಲ್ಲೇಶ್ವರದ ನಂದಿತೀರ್ಥವೇ ಮೂಲವೆಂಬುದು ಇನ್ನೊಂದು ಪಕ್ಷ. 1997ರಲ್ಲಿ ಮಣ್ಣಿನಡಿಯಿಂದ ಹೊರತೆಗೆದ ಆ ಗುಡಿಯಲ್ಲಿ ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತದೆ. ಪೀಣ್ಯದ ಕಡೆಯಿಂದ ಬರುವ ಕವಲನ್ನು ಈ ಎರಡು ಕಥನಗಳೂ ನೆನೆಯುವುದಿಲ್ಲ. ಒಂದೇ ಮೂಲವನ್ನು ಅರಸುವ ಕ್ರಮವೇ ದೋಷಯುಕ್ತವೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನ ನೆಲದಡಿ ಇರುವುದು ಗ್ನೈಸ್ ಶಿಲೆ. ಮಳೆಯ ನೀರು ಅದರ ಮೇಲಣ ಶಿಥಿಲ ಪದರದಲ್ಲಿಯೂ ಬಿರುಕುಗಳಲ್ಲಿಯೂ ಇಂಗಿ, ಅಂತರ್ಜಲದ ಮಟ್ಟವು ಇಳಿಜಾರನ್ನು ಮುಟ್ಟಿದೆಡೆ ಒರತೆಯಾಗಿ ಹೊರಡುತ್ತದೆ. ಆದುದರಿಂದ ಇಂತಹ ಒರತೆಗಳೆಲ್ಲವೂ ನದಿಗೆ ಮೂಲಗಳೇ. ಪುರಾಣವನ್ನು ತಳ್ಳಿಹಾಕುವ ಪಂಡಿತರು ಇದನ್ನು ಗಮನಿಸಬೇಕು: ಕಥೆ ಕಲ್ಪಿತವಾಗಿರಬಹುದು, ಜನರು ನೀರು ಕಂಡ ನೆಲೆ ಕಲ್ಪಿತವಾಗಿರಬೇಕಾಗಿಲ್ಲ.

ಇತಿಹಾಸಕಾರರಾದ ನಮ್ಮಲ್ಲಿಯೂ ಕೊರತೆಯುಂಟು. ವೈಟ್‌ಫೀಲ್ಡ್ ಸಮೀಪದ ಕಾಡುಗೋಡಿಯಲ್ಲಿ ದೊರೆತ ರಾಜೇಂದ್ರಚೋಳನ ಕಾಲದ ಶಾಸನವು ಪಟ್ಟಂದೂರು ಕೆರೆಯನ್ನೂ ತೂಬುಗಳನ್ನೂ ಹೇಳುತ್ತದೆ. ನಾವು ದೊರೆಯ ಹೆಸರನ್ನು ಓದಿದೆವು, ತೂಬನ್ನು ಬಿಟ್ಟೆವು.

ಇಂದು ವೃಷಭಾವತಿಯಲ್ಲಿ ಹರಿಯುವುದು ಬಹುಮಟ್ಟಿಗೆ ಚರಂಡಿಯ ನೀರು. ಕೊಳವೆಬಾವಿಗಳು ಅಂತರ್ಜಲವನ್ನು ಇಳಿಸಿದಷ್ಟೂ ಒರತೆಗಳು ಬತ್ತುವುವು. ಒರತೆಯನ್ನು ಮರೆತ ನದಿಯ ಪುನರುದ್ಧಾರವು ಕೊಳೆನೀರಿಗೆ ದಂಡೆ ಕಟ್ಟಿದಂತಾದೀತು. ಹಳೆಯ ಬಾವಿ, ಕಲ್ಯಾಣಿ, ತೀರ್ಥಗಳ ಪಟ್ಟಿಯನ್ನು ಸಿದ್ಧಪಡಿಸಿ ಭೂವಿಜ್ಞಾನಿಗಳ ಮುಂದಿಡುವುದು ನಮ್ಮ ವಿಭಾಗಗಳ ಕರ್ತವ್ಯ.